ಆಫೀಸಿನ ಕಂಪ್ಯೂಟರಿನಲ್ಲಿ ನನ್ನ ಲಿನಕ್ಸ್

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಾಫ್ಟ್‌ವೇರ್ ಬಗ್ಗೆ ಹತ್ತು ನಿಮಿಷ ಮಾತಾಡು ಎಂದು ಸಮಿತಿಯವರು ಹೇಳಿದ್ದಾರೆ. ಊರಿಗೆ ಬಂದರೆ ಎಲ್ಲರೂ ಕೇಳುವುದು ಸಂಬಳ ಎಷ್ಟು ಅಂತ. ಅದನ್ನು ಊಟದ ಪಂಕ್ತಿಯಲ್ಲಿ ಹೇಳುತ್ತೇನೆ. ಈಗ, ಆಫೀಸಿನವರು ಕೊಟ್ಟ ಕಂಪ್ಯೂಟರಿನಲ್ಲಿ ನನಗೆ ಬೇಕಾದ ಲಿನಕ್ಸ್ ಹಾಕಿಕೊಳ್ಳಲು ಅನುಮತಿ ಪಡೆದ ಕಥೆ ಹೇಳುತ್ತೇನೆ. ಅದಕ್ಕೂ ನಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಗೂ ಸಂಬಂಧವಿದೆ.

ಗುಂಡಿ ಒತ್ತಿದ ಕ್ಷಣದಿಂದ ಆರಿಸುವವರೆಗೆ ಕಂಪ್ಯೂಟರಿನ ಯಜಮಾನಿಕೆ ಮಾಡುವ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ. ನೀವು ಹೆಚ್ಚಾಗಿ ಕಂಡಿರುವುದು ವಿಂಡೋಸ್. ಇನ್ನೊಂದು ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ 21 ವರ್ಷದ ಲೀನಸ್ ಟೋರ್ವಾಲ್ಡ್ಸ್ ಅದರ ತಿರುಳನ್ನು ಬರೆದು ಹೊರಬಿಟ್ಟ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ್ದ ಗ್ನೂ ಯೋಜನೆಯ ತಂತ್ರಾಂಶಗಳು ಅದರ ಜೊತೆ ಸೇರಿದವು. ಬಿಟ್ಟಿ ಸಿಗುತ್ತದೆ ಎನ್ನುವುದು ಸಣ್ಣ ಮಾತು. ಒಳಗಿನ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ನಿಮ್ಮ ಮನೆಯ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ.

ನಾನು ಬಿ.ಇ. ಓದುವಾಗ ಉಬುಂಟು ಎಂಬ ಲಿನಕ್ಸಿನ ಸಿ.ಡಿ.ಯನ್ನು ಕೇಳಿದವರಿಗೆಲ್ಲ ಅಂಚೆಯಲ್ಲಿ ಬಿಟ್ಟಿಯಾಗಿ ಕಳಿಸುತ್ತಿದ್ದರು. 2011ರಲ್ಲಿ ಅದು ನಿಂತಿತು. ಹಾಸ್ಟೆಲಿನಲ್ಲಿ ಒಂದೇ ಸಿ.ಡಿ. ಕೊಠಡಿಯಿಂದ ಕೊಠಡಿಗೆ ಸುತ್ತಿತು. ಕಳ್ಳ ನಕಲು ಹಾಕಿಕೊಂಡು ಅಂಜುವ ಕೆಲಸ ಅಲ್ಲಿಗೆ ಮುಗಿಯಿತು.

ಕೆಲಸಕ್ಕೆ ಸೇರಿದಾಗ ವಿಂಡೋಸ್ ಇದ್ದ ಲ್ಯಾಪ್‌ಟಾಪ್ ಕೊಟ್ಟರು. ನಾವು ಬರೆದ ಪ್ರೋಗ್ರಾಂಗಳು ಓಡುತ್ತಿದ್ದ ಸರ್ವರುಗಳಲ್ಲಿ ಇದ್ದದ್ದು ಲಿನಕ್ಸ್. ಅಡುಗೆ ಒಂದು ಮನೆಯಲ್ಲಿ, ಊಟ ಇನ್ನೊಂದು ಮನೆಯಲ್ಲಿ! ಲಿನಕ್ಸಿನಲ್ಲಿ ಫೈಲಿನ ಹೆಸರಿನ ಇಂಗ್ಲಿಷ್ ಅಕ್ಷರ ದೊಡ್ಡದೋ ಚಿಕ್ಕದೋ ಎಂಬುದು ಮುಖ್ಯ. ವಿಂಡೋಸ್ ಸಾಮಾನ್ಯವಾಗಿ ಆ ಭೇದ ಎಣಿಸುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಸರಿಯಾಗಿದ್ದ ಪ್ರೋಗ್ರಾಂ ಸರ್ವರಿನಲ್ಲಿ ಫೈಲೇ ಸಿಗಲಿಲ್ಲ ಎಂದು ಕೂರುತ್ತಿತ್ತು. ಸಾಲಿನ ಕೊನೆಯದೂ ಒಂದು ತಕರಾರು. ಟೈಪಿಂಗ್ ಕಲಿತವರಿಗೆ ಗೊತ್ತು: ಸಾಲು ಮುಗಿದರೆ ಕ್ಯಾರೇಜು ಮೊದಲಿನ ಜಾಗಕ್ಕೆ ಬರಬೇಕು, ಕಾಗದ ಒಂದು ಸಾಲು ಸರಿಯಬೇಕು. ಆ ಎರಡು ಕೆಲಸಕ್ಕೆ ಎರಡು ಗುಪ್ತ ಗುರುತು ಇಡುವ ಪದ್ಧತಿ ವಿಂಡೋಸಿನದು. ಲಿನಕ್ಸಿಗೆ ಒಂದೇ ಸಾಕು. ಕಣ್ಣಿಗೆ ಕಾಣದ ಆ ಹೆಚ್ಚಿನ ಗುರುತು ಹುಡುಕುತ್ತಾ ನಮ್ಮ ತಂಡದ ಎಷ್ಟೋ ಸಂಜೆಗಳು ಕಳೆದಿವೆ.

ಲಿನಕ್ಸ್ ಹಾಕಿಕೊಳ್ಳುವುದು ಅರ್ಧ ಗಂಟೆಯ ಕೆಲಸ. ಆದರೆ ಯಂತ್ರ ನನ್ನದಲ್ಲ, ಕಂಪನಿಯದು. ಹಾಗಾಗಿ ಲಿಖಿತವಾಗಿ ಕೇಳಿದೆ. ಮೊದಲ ಉತ್ತರ ಬೇಡ ಎಂದೇ ಬಂತು. ಲ್ಯಾಪ್‌ಟಾಪ್ ಬಸ್ಸಿನಲ್ಲಿ ಕಳೆದರೆ ಒಳಗಿನ ಗ್ರಾಹಕರ ಮಾಹಿತಿಯ ಗತಿ ಏನು? ಭದ್ರತೆಯ ಅಪ್‌ಡೇಟ್ ಆಗಿದೆಯೋ ಇಲ್ಲವೋ ನೋಡುವವರು ಯಾರು? ಒಬ್ಬನಿಗೆ ಕೊಟ್ಟರೆ ನಾಳೆ ಹತ್ತು ಜನ ಹತ್ತು ಬಗೆ ಕೇಳಿದರೆ? ನನಗೆ ಸಿಟ್ಟು ಬಂದರೂ ಪ್ರಶ್ನೆಗಳು ನ್ಯಾಯವಾಗಿದ್ದವು. ಒಂದೊಂದಕ್ಕೂ ಉತ್ತರ ಬರೆದೆ: ಇಡೀ ಡಿಸ್ಕನ್ನು ಗುಪ್ತಪದವಿಲ್ಲದೆ ಓದಲಾಗದಂತೆ ಗೂಢಲಿಪಿಯಲ್ಲಿ ಇಡುತ್ತೇನೆ, ಅದಕ್ಕೆ ಲಿನಕ್ಸಿನಲ್ಲೇ ಏರ್ಪಾಡಿದೆ, ಅಪ್‌ಡೇಟಿನ ವರದಿ ವಾರಕ್ಕೊಮ್ಮೆ ಕಳಿಸುತ್ತೇನೆ, ವಿಂಡೋಸ್ ಬೇಡುವ ರಜೆ ಅರ್ಜಿ, ಖರ್ಚಿನ ಲೆಕ್ಕಗಳನ್ನು ಲಿನಕ್ಸಿನೊಳಗೇ ಓಡುವ ವರ್ಚುವಲ್ ಯಂತ್ರದಲ್ಲಿ ಮಾಡುತ್ತೇನೆ. ಕೊನೆಗೆ ಮೂರು ತಿಂಗಳ ಪರೀಕ್ಷೆಗೆ ಒಪ್ಪಿದರು. ಮ್ಯಾನೇಜರ್ ಸೇರಿಸಿದ್ದು ಒಂದೇ ಮಾತು: "ಕೆಟ್ಟರೆ ನಮ್ಮ ಹತ್ತಿರ ಬರಬೇಡಪ್ಪ."

ನಾನು ಕಲಿತದ್ದೆಲ್ಲ ಆ ಮಾತಿನಿಂದಲೇ. ವೈಫೈ ಹಿಡಿಯಲಿಲ್ಲ, ಪ್ರೊಜೆಕ್ಟರಿಗೆ ಚಿತ್ರ ಹೋಗಲಿಲ್ಲ. ಕರೆಯಲು ಯಾರೂ ಇಲ್ಲ. ಲಿನಕ್ಸ್ ತನ್ನ ದಿನಚರಿಯನ್ನು ಲಾಗ್ ಎಂಬ ಫೈಲುಗಳಲ್ಲಿ ಬರೆದಿಡುತ್ತದೆ. ಅದನ್ನು ಓದಿ, ತಿದ್ದಿ, ಮತ್ತೆ ಓದಿ ಸರಿಮಾಡಿಕೊಳ್ಳಬೇಕು. ಕಾಲೇಜಿನಲ್ಲಿ ಅಂಕಕ್ಕಾಗಿ ಓದಿದ್ದ ಪಾಠ ಆ ಮೂರು ತಿಂಗಳಲ್ಲಿ ತಲೆಗೆ ಇಳಿಯಿತು. ಈಗ ಸರ್ವರ್ ಕೆಟ್ಟರೆ ಮೊದಲು ಕರೆಯುವುದು ನನ್ನನ್ನು. ಹಾಗೆಂದು ಎಲ್ಲರಿಗೂ ಇದು ಬೇಕೆನ್ನಲಾರೆ. ದಿನವಿಡೀ ಎಕ್ಸೆಲಿನಲ್ಲಿರುವ ನಮ್ಮ ಲೆಕ್ಕಪತ್ರದ ಗೆಳೆಯನಿಗೆ ನಾನೇ ಬೇಡ ಎಂದಿದ್ದೇನೆ.

ಈಗ ನಮ್ಮ ಶಾಲೆಯ ಮಾತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಹಳೆಯ ಯಂತ್ರಗಳಲ್ಲಿ ಇರುವುದಿಲ್ಲ. ಬಟ್ಟೆ ಹೊದ್ದು ಕೂತಿರುವ ನಮ್ಮ ಕಂಪ್ಯೂಟರುಗಳನ್ನು ಗುಜರಿಗೆ ಕೊಡುವ ಮೊದಲು ಲಿನಕ್ಸಿನಲ್ಲಿ ಒಮ್ಮೆ ನೋಡಬಹುದು. ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಎಷ್ಟೋ ವರ್ಷಗಳಿಂದ ಅದರಲ್ಲೇ ಕಲಿಯುತ್ತಿದ್ದಾರೆ. ಗಣಿತಕ್ಕೆ ಜಿಯೋಜೀಬ್ರಾ ಇದೆ, ಆಕಾಶ ನೋಡಲು ಸ್ಟೆಲೇರಿಯಂ ಇದೆ. ಕನ್ನಡ ಬರೆಯಲು ನುಡಿಯಲ್ಲಿ ನೀವು ಬಳಸುವ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯೇ ಸಿಗುತ್ತದೆ. ಒಂದು ಎಚ್ಚರಿಕೆ, ಮೇಷ್ಟ್ರೇ: ಹಳೆಯ ನುಡಿ ಅಕ್ಷರದ ಪ್ರಶ್ನೆಪತ್ರಿಕೆಗಳನ್ನು ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಬೇಕು, ಇಲ್ಲದಿದ್ದರೆ ಕನ್ನಡದ ಬದಲು ಚಿತ್ರವಿಚಿತ್ರ ಗುರುತುಗಳು ಕಾಣುತ್ತವೆ.

ಆ ಯಂತ್ರಗಳೂ ನಮ್ಮವಲ್ಲ, ದಾಸ್ತಾನು ಪುಸ್ತಕದಲ್ಲಿರುವ ಸರ್ಕಾರದ ಆಸ್ತಿ. ಆದ್ದರಿಂದ ಮುಖ್ಯೋಪಾಧ್ಯಾಯರಿಗೂ ಎಸ್‌ಡಿಎಂಸಿಗೂ ಬೆಳಿಗ್ಗೆಯೇ ಅರ್ಜಿ ಕೊಟ್ಟಿದ್ದೇನೆ. ಪೆನ್‌ಡ್ರೈವಿನಿಂದಲೇ ಲಿನಕ್ಸ್ ಓಡಿಸಿ ನೋಡಬಹುದು, ಒಳಗಿನ ಡಿಸ್ಕನ್ನು ಮುಟ್ಟಬೇಕಾಗಿಲ್ಲ. ಪೆನ್‌ಡ್ರೈವ್ ಜೇಬಿನಲ್ಲಿದೆ. ಹಿರಿಯರು ಒಪ್ಪಿದರೆ ಊಟವಾದ ಮೇಲೆ ಕೊಠಡಿಯ ಬೀಗ ತೆಗೆಸೋಣ. ಒಂಬತ್ತನೇ ತರಗತಿಯವರು ಮೊದಲು ಬನ್ನಿ; ಮುಂದಿನ ವರ್ಷ ಏನಾದರೂ ಕೆಟ್ಟರೆ ಸರಿಮಾಡಲು ನೀವು ಇಲ್ಲೇ ಇರುತ್ತೀರಿ.