ಕಳೆದ ಒಡವೆಯ ಶೋಧ

ನಮ್ಮ ಚಿಕ್ಕೋಡಿ, ರಾಯಬಾಗ ಕಡೆಯ ಹಳ್ಳಿಯಲ್ಲಿ ಒಂದು ಒಡವೆ ಕಳೆಯಿತೆಂದರೆ ಸುದ್ದಿ ಸಂಜೆಯೊಳಗಾಗಿ ಓಣಿಯ ಆ ತುದಿಯನ್ನು ಮುಟ್ಟಿರುತ್ತದೆ. ಹಾಸಿಗೆ ಝಾಡಿಸುತ್ತಾರೆ, ಕಸವನ್ನು ಜರಡಿ ಹಿಡಿಯುತ್ತಾರೆ, ಬಾವಿಗೆ ಪಾತಾಳಗರಡಿ ಇಳಿಬಿಡುತ್ತಾರೆ. ಅಂಜನ ನೋಡುವವನ ಮನೆಗೂ ಒಬ್ಬರು ಹೋಗಿಬರುತ್ತಾರೆ. ಇಷ್ಟಾಗಿಯೂ ಸಿಗದಿದ್ದರೆ ಮೆಲ್ಲಗೆ ಯಾರದೋ ಹೆಸರು ಹೊರಡುತ್ತದೆ. ಕೆಲಸಕ್ಕೆ ಬರುವವಳದೋ, ಕಬ್ಬು ಕಡಿಯಲು ಬಂದವರದೋ, ಹೊಸದಾಗಿ ಬಂದ ಸೊಸೆಯದೋ. ಕೇಳುಗ ಮಿತ್ರರೆ, ನಾನು ಇಂದು ಹೇಳಹೊರಟಿರುವ ಹವ್ಯಾಸಕ್ಕೆ ಕರೆ ಬರುವುದು ಸಾಮಾನ್ಯವಾಗಿ ಈ ಹೊತ್ತಿನಲ್ಲಿ.

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದಾಗ ತಂಗಿಯ ಮಗ ಪುಣೆಯಿಂದ ನನಗೊಂದು ಲೋಹಶೋಧಕ ಯಂತ್ರ ತಂದುಕೊಟ್ಟ. ಒಂದು ಕೋಲು, ಅದರ ತುದಿಗೆ ಊಟದ ತಟ್ಟೆಯಷ್ಟು ಅಗಲದ ತಂತಿಯ ಸುರುಳಿ, ಕೈಯ ಬಳಿ ಒಂದು ಸಣ್ಣ ಪೆಟ್ಟಿಗೆ. ಸುರುಳಿಯಲ್ಲಿ ಹಿಂದುಮುಂದಾಗಿ ಹರಿಯುವ ವಿದ್ಯುತ್ತು ಸುತ್ತಲೂ ಬದಲಾಗುತ್ತಿರುವ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಆ ಕ್ಷೇತ್ರದಲ್ಲಿ ಲೋಹದ ತುಣುಕೊಂದಿದ್ದರೆ ಅದರ ಮೈಯಲ್ಲಿ, ಮಡುವಿನ ಸುಳಿಯಂತೆ, ವಿದ್ಯುತ್ತು ಸುತ್ತತೊಡಗುತ್ತದೆ. ಆ ಸುಳಿ ಹೊರಡಿಸುವ ಮರುಕ್ಷೇತ್ರವನ್ನು ಯಂತ್ರ ಗುರುತಿಸಿ ಕೂಗುತ್ತದೆ. ನದೀ ಘಟ್ಟಗಳಲ್ಲಿ ಹುಡುಗರು ಹಗ್ಗಕ್ಕೆ ಸೂಜಿಗಲ್ಲು ಕಟ್ಟಿ ನೀರಿಗೆಸೆದು ರೂಪಾಯಿ ಎತ್ತುವುದನ್ನು ನೀವು ನೋಡಿರಬಹುದು. ಅದು 1992ರಿಂದ ಈಚೆಗೆ ಬಂದ ಉಕ್ಕಿನ ರೂಪಾಯಿಗೆ ನಡೆಯುವ ಆಟ. ಬಂಗಾರ ಸೂಜಿಗಲ್ಲಿಗೆ ಅಂಟುವುದಿಲ್ಲ. ಆದರೆ ಈ ಸುಳಿ ಬಂಗಾರದಲ್ಲಿಯೂ ಹುಟ್ಟುತ್ತದೆ.

ಹುಟ್ಟುತ್ತದೆ, ನಿಜ, ಆದರೆ ಯಂತ್ರಕ್ಕೆ ಬಂಗಾರದ ಗುರುತಿಲ್ಲ. ಉಂಗುರಕ್ಕೂ ಗುಟಕಾ ಚೀಟಿಯ ಬೆಳ್ಳಿಬಣ್ಣದ ಹಾಳೆಗೂ ಅದು ಹೆಚ್ಚುಕಡಿಮೆ ಒಂದೇ ದನಿಯಲ್ಲಿ ಕೂಗುತ್ತದೆ. ರೂಪಾಯಿಯಷ್ಟು ಗಾತ್ರದ್ದನ್ನು ಒಂದು ಗೇಣಿನ ಆಳದವರೆಗೆ ಗುರುತಿಸೀತು, ಅದರಾಚೆಗೆ ಕಷ್ಟ. ಕಪ್ಪು ಬಂಡೆಯಿಂದ ಹುಟ್ಟಿದ ನಮ್ಮ ಎರೆಮಣ್ಣಿನಲ್ಲಿ ಕಬ್ಬಿಣದ ಅಂಶ ಬೇರೆ ಹೆಚ್ಚು, ಕೆಲವು ಹೊಲಗಳಲ್ಲಿ ಬರಿಯ ನೆಲವೇ ಗೊಣಗುತ್ತದೆ. ದುಂಡನೆಯ ಉಂಗುರ ಸುಲಭವಾಗಿ ಸಿಗುತ್ತದೆ. ದಾರ ಹರಿದ ಬೋರಮಾಳ ಸಿಗುವುದು ಬಹಳ ಕಠಿಣ, ಏಕೆಂದರೆ ಯಂತ್ರದ ಪಾಲಿಗೆ ಅದೊಂದು ಸರವಲ್ಲ, ಬಿಡಿಬಿಡಿ ಕಾಳು. ನಿಪ್ಪಾಣಿಯ ತಂಬಾಕಿನ ವಖಾರವೊಂದರಲ್ಲಿ ಹೆಣ್ಣುಮಗಳೊಬ್ಬಳ ಮೂಗುತಿ ಹುಡುಕಲು ಹೋಗಿ ಅರ್ಧ ದಿನ ಬರಿಯ ಮೊಳೆ ಆಯ್ದು ಬಂದವನು ನಾನು.

ಇಂಥ ಫಜೀತಿ ನನಗಿಂತ ದೊಡ್ಡವರಿಗೂ ಆಗಿದೆ. 1881ರ ಜುಲೈ 2ರಂದು ಅಮೇರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರಿಗೆ ಗುಂಡು ತಗಲಿತು. ಒಳಗುಳಿದ ಗುಂಡನ್ನು ಹುಡುಕಲು, ಟೆಲಿಫೋನು ಕಂಡುಹಿಡಿದ ಗ್ರಹಾಂ ಬೆಲ್ ಇದೇ ತತ್ತ್ವದ ಒಂದು ಉಪಕರಣವನ್ನು ಸಿದ್ಧಪಡಿಸಿ ತಂದರು. ಹಾಸಿಗೆಯೊಳಗಿನ ಉಕ್ಕಿನ ತಂತಿಗಳು ಸದ್ದು ಕೆಡಿಸಿದವು. ಅದಕ್ಕಿಂತ ಮಿಗಿಲಾಗಿ, ಗುಂಡು ಬಲಕ್ಕಿದೆಯೆಂದು ನಂಬಿದ್ದ ವೈದ್ಯರು ಬಲಗಡೆಯನ್ನೇ ಹುಡುಕಿಸಿದರು. ಗುಂಡು ಇದ್ದದ್ದು ಎಡಗಡೆ. ಸೆಪ್ಟೆಂಬರ್ 19ರಂದು ಅಧ್ಯಕ್ಷರು ತೀರಿಕೊಂಡರು. ಎಲ್ಲಿ ಹುಡುಕಬೇಕೆಂದು ಯಂತ್ರ ಹೇಳುವುದಿಲ್ಲವಷ್ಟೆ.

ಅಥಣಿ ತಾಲೂಕಿನ ಒಂದು ತೋಟದ ಮನೆಯಲ್ಲಿ ಇದು ನನಗೆ ಚೆನ್ನಾಗಿ ಮನದಟ್ಟಾಯಿತು. ಮನೆಯ ಹಿರಿಯಳ ಒಂದು ಕಿವಿಯ ಬೆಂಡವಾಲಿ ಕಾಣದೆ ಹನ್ನೊಂದು ದಿನವಾಗಿತ್ತು. ಕೊಟ್ಟಿಗೆಯ ಕೆಲಸಕ್ಕೆ ಬರುತ್ತಿದ್ದ ಹೆಣ್ಣುಮಗಳನ್ನು ಬಿಡಿಸಿಯಾಗಿತ್ತು. ಪೊಲೀಸರಿಗೆ ಹೇಳೋಣವೆಂಬ ಮಾತೂ ನಡೆದಿತ್ತು. ನಾನು ಮೂರು ತಾಸು ಅಂಗಳ, ಬಚ್ಚಲು, ಬಾಳೆಯ ಪಾತಿ ಎಲ್ಲ ಸುತ್ತಿದೆ. ಹತ್ತು ಹನ್ನೆರಡು ಮೊಳೆ, ಎತ್ತಿನ ಲಾಳ, ಹಳೆಯ ಮೂರು ಪೈಸೆಯ ಅಲ್ಯುಮಿನಿಯಂ ನಾಣ್ಯ, ಇಷ್ಟೇ ಸಿಕ್ಕಿತು. ಬೇಸತ್ತು ಯಂತ್ರವನ್ನು ಗೋಡೆಗೆ ಆನಿಸಿ ಕೇಳಿದೆ:

“ಅವತ್ತ ಮುಂಜಾನೆ ಎದ್ದಾಗಿಂದ ಏನೇನ ಮಾಡಿದ್ರಿ, ಒಂದೊಂದ ಹೇಳ್ರೆವಾ.”

“ಏನ ಮಾಡೂದ್ರಿ ಮಾಸ್ತರ, ಹಾಲ ಹಿಂಡಿದೆ, ಚಾ ಮಾಡಿದೆ. ಅವತ್ತ ಆಕಿ ಕೆಲಸಕ್ಕ ಬಂದಿದ್ದಿಲ್ಲ. ಅದಕ್ಕ ಕುಳ್ಳ ನಾನ ಬಡದೆ.”

ಮಾತು ಮುಗಿಯುವ ಮೊದಲೇ ಆಕೆ ಬಾಯ ಮೇಲೆ ಕೈಯಿಟ್ಟುಕೊಂಡಳು. ಯಾರ ಮೇಲೆ ಸಂಶಯವಿತ್ತೋ ಅವಳು ಆ ದಿನ ಮನೆಗೇ ಬಂದಿರಲಿಲ್ಲ! ಹನ್ನೊಂದು ದಿನ ಇದು ಯಾರಿಗೂ ಹೊಳೆದಿರಲಿಲ್ಲ. ಹಿತ್ತಲಿನ ಕುಳ್ಳಿನ ರಾಶಿಯನ್ನು ಬಿಚ್ಚಿ ಒಂದೊಂದನ್ನೇ ನೆಲದ ಮೇಲಿಟ್ಟು ಯಂತ್ರ ಆಡಿಸಿದೆವು. ಐವತ್ತು ದಾಟಿದ ಮೇಲೆ ಒಂದು ಕುಳ್ಳು ಕೂಗಿತು. ಮುರಿದು ನೋಡಿದರೆ, ಸಗಣಿಯ ನಡುವೆ ಬೆಂಡವಾಲಿ, ಮುತ್ತು ಸಹಿತ.

ಮನೆಯವರು ನನಗೆ ಹೋಳಿಗೆ ಊಟ ಹಾಕಿದರು. ಆ ಹೆಣ್ಣುಮಗಳು ಮಾತ್ರ ಮತ್ತೆ ಆ ಮನೆಯ ಕೆಲಸಕ್ಕೆ ಹೋಗಲಿಲ್ಲ. ಕರೆಯಬಂದವರನ್ನು ಕೂರಿಸಿ, ಚಹಾ ಕೊಟ್ಟು, ಕಳಿಸಿಬಿಟ್ಟಳಂತೆ.

ಯಂತ್ರ ಸೋತ ಪ್ರಸಂಗವನ್ನೂ ಹೇಳಬೇಕು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ ತಾಲೂಕುಗಳ ದಂಡೆಯ ಊರುಗಳಿಗೆಲ್ಲ ನುಗ್ಗಿದ್ದು ನಿಮಗೆ ನೆನಪಿದೆ. ನೀರಿಳಿದ ಮೇಲೆ ಕಾಗವಾಡ ಕಡೆಯ ಒಬ್ಬ ರೈತರು ಕರೆದರು. ಮಣ್ಣಿನ ಮನೆ ಕುಸಿದು, ಟ್ರಂಕು ಒಡೆದು, ಮಗಳ ಮದುವೆಗೆಂದು ತೆಗೆದಿರಿಸಿದ್ದ ಬೋರಮಾಳ ಕೆಸರು ಪಾಲಾಗಿತ್ತು. ಎರಡು ದಿನ ಹುಡುಕಿದೆ. ತಗಡು, ಮೊಳೆ, ತಂತಿಯ ತುಂಡು ತುಂಬಿದ ಆ ಮಣ್ಣಿನಲ್ಲಿ ಯಂತ್ರ ಬಾಯಿ ಮುಚ್ಚಲೊಲ್ಲದು. ಕಡೆಗೆ ಆ ಮನೆಯ ಮುದುಕಿ ಕೆಸರನ್ನು ಬುಟ್ಟಿ ಬುಟ್ಟಿ ತುಂಬಿಸಿ, ಬೋರಿಂಗಿನ ಕೆಳಗೆ ಜರಡಿಯಲ್ಲಿ ತೊಳೆಯಹಚ್ಚಿದಳು. ನಾಲ್ಕು ದಿನಗಳಲ್ಲಿ ಒಂಬತ್ತು ಗುಂಡು ಸಿಕ್ಕವು. ಉಳಿದವು ಸಿಗಲಿಲ್ಲ.

ಆ ಮುದುಕಿ ಮಾಡಿದ್ದು ಜಲಗಾರರ ವಿದ್ಯೆ. ಇಂದು ಆ ಶಬ್ದ ಕೇಳಿದರೆ ಕಸಗುಡಿಸುವವನ ನೆನಪಾಗುತ್ತದೆ; ಮೂಲದಲ್ಲಿ ಜಲಗಾರನೆಂದರೆ ಮಣ್ಣು ತೊಳೆದು ಬಂಗಾರದ ಪುಡಿ ತೆಗೆಯುವವನು. ಕಪ್ಪತಗುಡ್ಡದ ಹಳ್ಳಗಳ ಉಸುಕನ್ನು ತೊಳೆದು ಅವರು ಬಂಗಾರ ತೆಗೆಯುತ್ತಿದ್ದ ಸಂಗತಿ 1884ರ ಮುಂಬಯಿ ಗ್ಯಾಝೆಟಿಯರಿನ ಧಾರವಾಡ ಸಂಪುಟದಲ್ಲಿ ದಾಖಲಾಗಿದೆ. ಪತ್ತಾರರ ಅಂಗಡಿಯ ಕಸ, ಕುಲುಮೆಯ ಬೂದಿ ಕೊಂಡೊಯ್ದು, ಮರಿಗೆಯಲ್ಲಿ ತೊಳೆದು, ಅಡಿಯಲ್ಲಿ ಉಳಿದದ್ದನ್ನು ಪಾದರಸದಲ್ಲಿ ಕೂಡಿಸಿ, ಕಾಸಿ ಬಂಗಾರ ಬೇರೆ ಮಾಡುವುದು ಆ ಕಸಬು. ಮಣ್ಣಿಗಿಂತ ಬಂಗಾರ ಭಾರ. ನೀರಿಗೆ ಆ ವ್ಯತ್ಯಾಸ ತಿಳಿಯುತ್ತದೆ. ಪಾದರಸದ ಹೊಗೆ ವಿಷವೆಂಬುದನ್ನು ಮಾತ್ರ ಆ ಬಡವರಿಗೆ ಯಾರು ಹೇಳಿದ್ದರೋ!

ಇನ್ನು ಬೇರೆ ಜಾತಿಯ ಕರೆಗಳೂ ಬರುತ್ತವೆ. “ಮಾಸ್ತರ, ನಮ್ಮ ಹೊಲದಾಗ ಒಂದ ಹಾಳ ಗುಡಿ ಐತ್ರಿ. ಅಮಾಸಿ ರಾತ್ರಿ ನಿಮ್ಮ ಮಶೀನ ತಗೊಂಡ ಬರ್ರಿ.” ಇವರಿಗೆ ನಾನು ಸ್ಪಷ್ಟವಾಗಿ ಇಲ್ಲವೆನ್ನುತ್ತೇನೆ. ನಿಧಿಯ ಹುಚ್ಚು ಎಲ್ಲಿಗೆ ಮುಟ್ಟುತ್ತದೆಂಬುದನ್ನು 2019ರ ಜುಲೈಯಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ಕಂಡೆವು. ವ್ಯಾಸರಾಜರ ವೃಂದಾವನವನ್ನೇ ರಾತ್ರೋರಾತ್ರಿ ಕೆಡವಿದ್ದರು. ನೆಲದಲ್ಲಿ ಹುದುಗಿದ್ದು, ಹತ್ತು ರೂಪಾಯಿಗೆ ಮೀರಿದ ಬೆಲೆಯದು ಸಿಕ್ಕರೆ ಕಲೆಕ್ಟರರಿಗೆ ಬರೆದು ತಿಳಿಸಬೇಕೆಂದು 1878ರ ನಿಧಿ ಕಾಯಿದೆಯೇ ವಿಧಿಸಿತು. ಆ ಕಾಯಿದೆಯಲ್ಲಿ ಒಡೆಯನಿಲ್ಲದ ನಿಧಿಯ ನಾಲ್ಕರಲ್ಲಿ ಮೂರು ಪಾಲು ಸಿಕ್ಕವನಿಗೆ, ಒಂದು ಪಾಲು ನೆಲದ ಒಡೆಯನಿಗೆ ಎಂದಿತ್ತು. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆಮನೆ ಎಂದೂ ಇತ್ತು. ನೂರು ವರ್ಷ ದಾಟಿದ ನಾಣ್ಯವಂತೂ 1972ರ ಕಾಯಿದೆಯ ಪ್ರಕಾರ ಪುರಾವಸ್ತು. ಒಡವೆ ಕಳೆದುಕೊಂಡವರು ಎದುರಿಗೆ ನಿಂತಿರದ ಜಾಗಕ್ಕೆ ನಾನು ಯಂತ್ರ ಒಯ್ಯುವುದಿಲ್ಲ. ಎದುರಿಗಿದ್ದರೆ ಕೇಳಲಿಕ್ಕೆ ಒಂದು ಬಾಯಾದರೂ ಇರುತ್ತದೆ.

ಕಳೆದುಕೊಂಡವರಿಗೆ ನನ್ನ ವಿನಂತಿ ಇಷ್ಟು. ಒಡವೆ ಇಲ್ಲವೆಂದು ತಿಳಿದ ಕೂಡಲೆ ನಿಂತಲ್ಲಿಯೇ ಒಂದು ಕಟ್ಟಿಗೆ ನೆಡಿರಿ. ಕಸ ಗುಡಿಸಬೇಡಿರಿ, ಗುಡಿಸಿದ್ದರೆ ಚೆಲ್ಲಬೇಡಿರಿ. ಒಲೆಯ ಬೂದಿಯನ್ನು ತೆಗೆದಿರಿಸಿರಿ. ಅಡಿಗೆಯ ಒಲೆಯಲ್ಲಿ ಬಂಗಾರ ಕರಗುವುದಿಲ್ಲ, ಅದಕ್ಕೆ ಸಾವಿರದ ಅರುವತ್ತು ಡಿಗ್ರಿಗೂ ಮಿಕ್ಕ ಕಾವು ಬೇಕು. ಹೊಲದಲ್ಲಿ ಬಿದ್ದಿದ್ದರೆ ಎರಡು ದಿನ ಕುಂಟೆ ಹೊಡೆಯಬೇಡಿರಿ, ನೀರು ಬಿಡಬೇಡಿರಿ. ಆ ದಿನದ ಕೆಲಸಗಳನ್ನು ಬೆಳಗಿನಿಂದ ಒಂದೊಂದಾಗಿ ಬರೆದಿಡಿರಿ. ಅವತ್ತು ಯಾರು ಬಂದಿದ್ದರು, ಯಾರು ಬಂದಿರಲಿಲ್ಲ ಎಂಬುದನ್ನೂ ಬರೆಯಿರಿ. ಕಳೆದದ್ದು ಜೋಡಿಯಲ್ಲಿ ಒಂದಾಗಿದ್ದರೆ ಇನ್ನೊಂದನ್ನು ಸರಾಫಕಟ್ಟೆಗೆ ಒಯ್ದು ಮಾರಿಬಿಡಬೇಡಿರಿ. ಅದನ್ನು ನೆಲದ ಮೇಲಿಟ್ಟು ಮೊದಲು ಯಂತ್ರಕ್ಕೆ ಕೇಳಿಸುತ್ತೇನೆ. ಎಂಥ ದನಿಯನ್ನು ಹುಡುಕಬೇಕೆಂದು ನನಗೆ ಗೊತ್ತಾಗುವುದು ಅದರಿಂದ. ನಾನು ಬಂದಾಗ ಆ ಇನ್ನೊಂದನ್ನು ಮುಂದೆ ತಂದಿಡಿರಿ. ಚಹಾ ಆಮೇಲೆ.