ಕಾಟಿಗೆ ಯಾವ ಕ್ಯಾಲಿಬರ್ ಬೇಕು?

ಕಳೆದ ಸಂಚಿಕೆಯಲ್ಲಿ ಕಾಡುಹಂದಿ ಅಡಿಕೆ ತೋಟಕ್ಕೆ ನುಗ್ಗುವ ವಿಷಯ ಮಾತಾಡಿದ್ದೆ. ಅದಾದ ಮೇಲೆ ಬಂದ ಮೆಸೇಜುಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. "ಅಣ್ಣಾ, ಹಂದಿಗೆ ಯಾವ ರೈಫಲ್ ಒಳ್ಳೇದು? ಕಾಟಿ ಬೀಳಬೇಕಾದ್ರೆ ಯಾವ ಕ್ಯಾಲಿಬರ್ ಬೇಕು?" ಕೇಳಿದವರೆಲ್ಲ ಬೇಟೆಗೆ ಹೊರಟವರಲ್ಲ, ಅದು ನನಗೆ ಗೊತ್ತುಂಟು. ಬಿಜಿಎಂಐ ಆಡುವವರಿಗೆ 5.56, 7.62 ಎಲ್ಲ ಬಾಯಿಪಾಠ. ಯೂಟ್ಯೂಬಿನಲ್ಲಿ ಅಮೆರಿಕದವರು ಎಲ್ಕ್ ಹೊಡೆಯುವ ವಿಡಿಯೊ ನೋಡಿದವರೂ ಇದ್ದೀರಿ. ಆದರೆ ಕೆಲವರು ಮಾತ್ರ ನಿಜವಾಗಿಯೂ ತೋಟ ಹಾಳಾಗಿ, ಸಿಟ್ಟು ಬಂದು ಕೇಳಿದ್ದು. ಇವತ್ತಿನ ಮಾತು ಮುಖ್ಯವಾಗಿ ಅವರಿಗೆ.

ನಮ್ಮದು ಪುತ್ತಿಗೆ, ಮೂಡುಬಿದಿರೆ ಹತ್ತಿರ. ಚೌಟ ಅರಸರ ಊರು. ಮನೆಯಲ್ಲಿ ಅಜ್ಜನ ಕಾಲದ ಒಂದು ಒಂಟಿ ನಳಿಗೆಯ ತೋಟೆ ಕೋವಿ ಉಂಟು, ಲೈಸೆನ್ಸ್ ಈಗ ಅಪ್ಪನ ಹೆಸರಲ್ಲಿ. ಸುತ್ತಮುತ್ತಲಿನ ತುಂಬ ಮನೆಗಳಲ್ಲಿ ಹೀಗೆಯೇ. ಅದಕ್ಕೆ ನಾವು ಕೋವಿ ಅಂತೇವೆ, ತುಳುವಿನಲ್ಲಿ ಬೆಡಿ. ಒಂದು ವಿಷಯ ಮೊದಲೇ ಸ್ಪಷ್ಟ ಮಾಡ್ತೇನೆ: ಅದು ರೈಫಲ್ ಅಲ್ಲ. ರೈಫಲಿನ ನಳಿಗೆಯ ಒಳಗೆ ಸುರುಳಿ ಸುರುಳಿಯಾಗಿ ಗೀರು ಇರ್ತದೆ. ಗುಂಡು ಅದರಲ್ಲಿ ತಿರುಗಿ ತಿರುಗಿ ಹೊರಗೆ ಬರ್ತದೆ, ಹಾಗಾಗಿ ದೂರದವರೆಗೆ ನೇರ ಹೋಗ್ತದೆ. ನಮ್ಮ ಕೋವಿಯ ನಳಿಗೆ ಒಳಗೆ ಪೈಪಿನ ಹಾಗೆ ನುಣುಪು. ಅದರಿಂದ ಸಾಮಾನ್ಯವಾಗಿ ಹೊಡೆಯುವುದು ಒಂದು ಗುಂಡಲ್ಲ, ಒಂದು ಹಿಡಿ ಚಿಕ್ಕ ಗುಂಡು.

ಈಗ ಈ ನಂಬರುಗಳ ಗೊಂದಲ ಬಿಡಿಸುವ. ಹನ್ನೆರಡು ಬೋರ್ ಅಂತ ಕೇಳಿದ್ದೀರಲ್ಲ? ಆ ಹನ್ನೆರಡು ಇಂಚೂ ಅಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡ್ ಸೀಸವನ್ನು ಸಮನಾದ ಹನ್ನೆರಡು ಉಂಡೆ ಮಾಡಿದರೆ ಒಂದು ಉಂಡೆ ಎಷ್ಟು ದಪ್ಪ ಆಗ್ತದೋ, ನಳಿಗೆಯ ತೂತು ಅಷ್ಟು. ಅಂದರೆ ಸುಮಾರು 18.5 ಮಿಲಿಮೀಟರ್. ಹಾಗಾಗಿ ನಂಬರು ದೊಡ್ಡದಾದ ಹಾಗೆ ತೂತು ಸಣ್ಣದಾಗ್ತದೆ. ನಾಲ್ಕು ಬೋರ್ ಅಂದರೆ ಕಾಲು ಪೌಂಡಿನ ಗುಂಡು, ನೂರು ಗ್ರಾಮಿಗೂ ಮೇಲೆ! 1870ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆಸಿದ ಜಿ.ಪಿ. ಸ್ಯಾಂಡರ್ಸನ್ ಇಂಥ ಭಾರೀ ಬೋರಿನ ಕೋವಿಗಳ ಪಕ್ಷಪಾತಿ. ಆಗ ಇದ್ದದ್ದು ಕಪ್ಪು ಮದ್ದು. ಅದರಲ್ಲಿ ಗುಂಡಿನ ವೇಗ ಹೆಚ್ಚಿಸಲಿಕ್ಕೆ ಒಂದು ಮಿತಿ ಉಂಟು. ವೇಗ ಹೆಚ್ಚಿಸಲಿಕ್ಕೆ ಆಗದಿದ್ದರೆ ತೂಕ ಹೆಚ್ಚಿಸಬೇಕು, ಬೇರೆ ದಾರಿ ಇಲ್ಲ. ಆ ಕೋವಿಯ ಒದೆತ ತಿಂದ ಹೆಗಲಿನ ಕತೆ ಬೇರೆ.

ರೈಫಲಿಗೆ ಬಂದರೆ ಕ್ಯಾಲಿಬರ್. ಅದನ್ನು ಇಂಚಿನ ಭಾಗದಲ್ಲಿ ಹೇಳ್ತಾರೆ. .275 ಅಂದರೆ ಸುಮಾರು 7 ಮಿಲಿಮೀಟರ್, .315 ಅಂದರೆ 8 ಮಿಲಿಮೀಟರ್, .470 ಅಂದರೆ 12ರ ಹತ್ತಿರ. ಅದರಲ್ಲೂ ಶಿಸ್ತು ಇಲ್ಲ. .30-06 ಅಂತ ಒಂದು ಉಂಟಲ್ಲ, ಅದರ 06 ಅಂದರೆ 1906ನೇ ಇಸವಿ. ಇಸವಿಯನ್ನು ತಂದು ಅಳತೆಯ ಪಕ್ಕ ಕೂರಿಸಿದ್ದಾರೆ, ಮತ್ತೆ ನಮ್ಮ ಹುಡುಗರಿಗೆ ಅರ್ಥ ಆಗುವುದು ಹೇಗೆ?

ಈ ಕ್ಯಾಲಿಬರುಗಳನ್ನು ಬೇಟೆಗಾರರು ಪ್ರಾಣಿಯನ್ನು ನೋಡಿಯೇ ಆರಿಸಿದ್ದು ಅಂತ ನಾವು ಅಂದ್ಕೊಳ್ತೇವೆ. ಎಷ್ಟೋ ಸಲ ಆರಿಸಿದ್ದು ಸರ್ಕಾರ. ಗಡಿನಾಡಿನ ಬಂಡಾಯಗಾರರ ಕೈಯಲ್ಲಿ ಸೇನೆಯ ಹಳೆಯ ಮಾರ್ಟಿನಿ-ಹೆನ್ರಿ ರೈಫಲುಗಳಿದ್ದವು, ಅವು .450 ಬೋರಿನವು. ಅದಕ್ಕೆ ಮದ್ದುಗುಂಡು ಸಿಗಬಾರದು ಅಂತ ಬ್ರಿಟಿಷರು 1907ರಲ್ಲಿ ಆ ಬೋರನ್ನೇ ಭಾರತದಲ್ಲಿ ನಿಷೇಧಿಸಿದರು. ಲಂಡನ್ನಿನ ಕೋವಿ ತಯಾರಕರಿಗೆ ಭಾರತದ ಗಿರಾಕಿಗಳನ್ನು ಬಿಡಲಿಕ್ಕೆ ಮನಸ್ಸಿಲ್ಲ. ಅವರು ಕೂದಲೆಳೆಯಷ್ಟು ದಪ್ಪ ಮಾಡಿ .465, .470, .475 ಅಂತ ತಂದರು. ಇವತ್ತು ಆಫ್ರಿಕಾದಲ್ಲಿ ಆನೆ, ಕಾಡೆಮ್ಮೆಗೆ ಹೆಸರಾದ .470 ನೈಟ್ರೋ ಎಕ್ಸ್‌ಪ್ರೆಸ್ ಬಂದದ್ದು ಹೀಗೆ. ಸ್ವತಂತ್ರ ಭಾರತದಲ್ಲೂ ಕತೆ ಅದೇ. .303 ಸೇನೆ ಮತ್ತು ಪೊಲೀಸರ ಬೋರ್, ಸಾಮಾನ್ಯ ಜನರಿಗೆ ನಿಷೇಧ. ಹಾಗಾಗಿ ನಮ್ಮ ಸರ್ಕಾರಿ ಕಾರ್ಖಾನೆಗಳು ಜನರಿಗೆ ಮಾಡಿಕೊಟ್ಟದ್ದು .315. ಅದು ಹಂದಿಗೆ ಒಳ್ಳೇದು, ಹುಲಿಗೆ ಒಳ್ಳೇದು ಅಂತ ಲೆಕ್ಕ ಹಾಕಿ ಹುಟ್ಟಿದ್ದಲ್ಲ ಮಾರಾಯ್ರೆ.

ಹಾಗಾದರೆ ದೊಡ್ಡ ಪ್ರಾಣಿಗೆ ದೊಡ್ಡ ಗುಂಡು ಬೇಡವಾ? ಬೇಕು ಅನ್ನುವವರೂ ಇದ್ದರು, ಬೇಡ ಅನ್ನುವವರೂ ಇದ್ದರು. ಇಬ್ಬರಿಗೂ ಸಾಕ್ಷಿ ಉಂಟು.

ಬೇಕು ಅನ್ನುವ ಕಡೆ ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್. ತೇಜಸ್ವಿಯವರ 'ಕಾಡಿನ ಕಥೆಗಳು' ಓದಿದವರಿಗೆ ಪರಿಚಯ ಹೇಳಬೇಕಾಗಿಲ್ಲ. ಅವರ ಕೈಯಲ್ಲಿ ಇರ್ತಾ ಇದ್ದದ್ದು .405 ವಿಂಚೆಸ್ಟರ್. ಸುಮಾರು 19 ಗ್ರಾಮಿನ ಗುಂಡು, ಸೆಕೆಂಡಿಗೆ ಸುಮಾರು 670 ಮೀಟರ್ ವೇಗ, ಅಂದರೆ ಶಬ್ದದ ವೇಗಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು. ಹತ್ತಿರದಿಂದ ಹುಲಿ ಮೈಮೇಲೆ ಬರುವಾಗ ಅಂಥ ಭಾರದ ಗುಂಡು ಕೈಯಲ್ಲಿದ್ದರೆ ಧೈರ್ಯ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಸಿಂಹದ ಬೇಟೆಗೆ ಒಯ್ದದ್ದೂ ಇದೇ ಕ್ಯಾಲಿಬರ್.

ಬೇಡ ಅನ್ನುವ ಕಡೆ ಜಿಮ್ ಕಾರ್ಬೆಟ್. ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಅವರಿಗೆ ಉಡುಗೊರೆಯಾಗಿ ಸಿಕ್ಕಿದ್ದು .275 ರಿಗ್ಬಿ. ಗುಂಡಿನ ತೂಕ 9 ಗ್ರಾಮ್, ಆಂಡರ್ಸನ್ನರ ಗುಂಡಿನ ಅರ್ಧವೂ ಇಲ್ಲ. 1926ರಲ್ಲಿ ರುದ್ರಪ್ರಯಾಗದ ಚಿರತೆ ಬಿದ್ದದ್ದು ಅದರಿಂದಲೇ. ಇನ್ನೂ ಮುಂದೆ ಹೋದರೆ ಸ್ಕಾಟ್ಲೆಂಡಿನ ಡಬ್ಲ್ಯು.ಡಿ.ಎಂ. ಬೆಲ್. ಆಫ್ರಿಕಾದಲ್ಲಿ ದಂತಕ್ಕಾಗಿ ಸಾವಿರಕ್ಕೂ ಹೆಚ್ಚು ಆನೆ ಕೊಂದವನು, ಬಹುಪಾಲು ಇದೇ 7 ಮಿಲಿಮೀಟರಿನಲ್ಲಿ. ಅವನು ಸತ್ತ ಆನೆಯ ತಲೆಬುರುಡೆಯನ್ನು ಸೀಳಿ ಮಿದುಳು ಎಲ್ಲಿ ಉಂಟು ಅಂತ ಕಲಿತಿದ್ದ. ಅವನು ಬಳಸಿದ್ದು ಮೂತಿ ಅರಳದ ಗಟ್ಟಿ ಗುಂಡು. ಅದೇ ಕ್ಯಾಲಿಬರಿನಲ್ಲಿ ಮೆದು ಮೂತಿಯ ಗುಂಡು ಹಾಕಿದ್ದರೆ ಆನೆಯ ಮೂಳೆಗೆ ಬಡಿದು ಅಲ್ಲೇ ಹರಡಿ ನಿಲ್ತಿತ್ತು. ಅಂದರೆ ಕ್ಯಾಲಿಬರ್ ಒಂದೇ ಹೇಳಿದರೆ ಅರ್ಧವೂ ಹೇಳಿದ ಹಾಗೆ ಆಗುವುದಿಲ್ಲ.

ನನ್ನ ಪ್ರಕಾರ ಕಾರ್ಬೆಟ್, ಬೆಲ್ ಕತೆಯನ್ನು ತಪ್ಪಾಗಿ ಓದುವವರೇ ಜಾಸ್ತಿ. "ನೋಡಿ, ಸಣ್ಣ ಗುಂಡೇ ಸಾಕು" ಅಂತಾರೆ. ಇಲ್ಲ. ಅವರಿಗೆ ಸಾಕಾದದ್ದು ಜಾಗ ಗೊತ್ತಿತ್ತು, ಮತ್ತೆ ಸರಿಯಾದ ಕ್ಷಣ ಸಿಗುವವರೆಗೆ ಹೊಡೆಯದೆ ಕೂತುಕೊಳ್ಳಲಿಕ್ಕೆ ಗೊತ್ತಿತ್ತು, ಅದಕ್ಕೆ. ನಮ್ಮ ಕಾಟಿಯನ್ನೇ ನೋಡಿ. ದೊಡ್ಡ ಗಂಡು ಒಂದು ಟನ್‌ವರೆಗೆ ತೂಗ್ತದೆ. ಹೆಗಲ ಮೇಲಿನ ಆ ಎತ್ತರದ ಏಣು ಉಂಟಲ್ಲ, ಅದು ಬೆನ್ನೆಲುಬಿನಿಂದ ಮೇಲೆ ಚಾಚಿದ ಮುಳ್ಳುಮೂಳೆಗಳು ಮತ್ತು ಮಾಂಸ. ನೋಡಿದವರ ಕಣ್ಣು ಮೋಸ ಹೋಗ್ತದೆ. ಮೈಯ ನಡು ಅಂತ ನಾವು ಅಂದಾಜು ಮಾಡುವ ಜಾಗ ಹೃದಯಕ್ಕಿಂತ ಎಷ್ಟೋ ಮೇಲೆ. ಅಲ್ಲಿ ತಾಗಿದ ಗುಂಡು .470 ಆದರೂ ಅದು ಕೊಲ್ಲುವುದಿಲ್ಲ, ಗಾಯ ಮಾಡಿ ಕಾಡಿಗೆ ಓಡಿಸ್ತದೆ. ಹಂದಿಗೆ ಇನ್ನೊಂದು ರಕ್ಷೆ. ದೊಡ್ಡ ಗಂಡುಹಂದಿಯ ಹೆಗಲಿನಲ್ಲಿ ಚರ್ಮದಡಿ ಗುರಾಣಿಯ ಹಾಗೆ ದಪ್ಪ ಪದರ ಬೆಳೆದಿರ್ತದೆ. ಅದರ ಮೇಲೆ ಒಣಗಿದ ಕೆಸರು ಬೇರೆ. ಹಕ್ಕಿಗೆ ಹೊಡೆಯುವ ಸಣ್ಣ ಚರೆ ಅದರಲ್ಲೇ ಸಿಕ್ಕಿಕೊಳ್ತದೆ.

ಗಾಯಗೊಂಡ ಹಂದಿಯ ವಿಷಯ ನಮ್ಮ ಅಜ್ಜ ಜಾಸ್ತಿ ಮಾತಾಡ್ತಿರಲಿಲ್ಲ. ಒಂದು ಮಾತು ಮಾತ್ರ ಹೇಳ್ತಿದ್ದರು, "ಈಡು ತಾಗಿದ ಮೇಲೆ ಹಂದಿ ಯಾರದ್ದೂ ಅಲ್ಲ" ಅಂತ. ಪುತ್ತೂರು ಕಡೆಯ ಕೆದಂಬಾಡಿ ಜತ್ತಪ್ಪ ರೈಗಳ 'ಬೇಟೆಯ ನೆನಪುಗಳು' ಸಿಕ್ಕಿದರೆ ಓದಿ. ನಮ್ಮ ಜಿಲ್ಲೆಯ ಗುಡ್ಡ ಕಾಡುಗಳ ಬೇಟೆಯ ಲೋಕ ಅದರಲ್ಲಿ ಉಂಟು. ಯೂಟ್ಯೂಬಿನ ಬಯಲುಸೀಮೆಗಿಂತ ನಿಮಗೆ ಅದು ಹತ್ತಿರ.

ಈಗ ಪುತ್ತಿಗೆಗೆ ಬರುವ. ಇಲ್ಲಿ ರೈಫಲ್ ಯಾಕೆ ಸರಿಯಲ್ಲ ಅನ್ನುವುದಕ್ಕೆ ಕಾನೂನಿಗಿಂತ ಮೊದಲು ಒಂದು ಸರಳ ಕಾರಣ ಉಂಟು. .30-06ನಂಥ ಗುಂಡು ಗುರಿ ತಪ್ಪಿದರೆ ಮೂರು ಕಿಲೋಮೀಟರಿಗೂ ದೂರ ಹೋಗಬಹುದು. ಅಮೆರಿಕದ ಹುಲ್ಲುಗಾವಲಿನಲ್ಲಿ ಆ ಮೂರು ಕಿಲೋಮೀಟರಿನಲ್ಲಿ ಒಂದು ಮನೆ ಇಲ್ಲದೆ ಇರಬಹುದು. ನಮ್ಮಲ್ಲಿ? ಒಂದು ತೋಟ, ಒಂದು ಮನೆ, ಒಂದು ಗದ್ದೆ, ಮತ್ತೆ ಮನೆ. ಗುಡ್ಡದ ಆಚೆ ಶಾಲೆ. ಬೆಳಗ್ಗೆ ಐದಕ್ಕೆ ರಬ್ಬರ್ ಟ್ಯಾಪಿಂಗಿಗೆ ತಲೆಗೆ ಲೈಟ್ ಕಟ್ಟಿಕೊಂಡು ಹೊರಟವರು. ಕೆಂಪುಕಲ್ಲಿನ ಪಾರೆಗೆ ಬಡಿದ ಗುಂಡು ಯಾವ ಕಡೆ ಚಿಮ್ಮುತ್ತದೆ ಅಂತ ಯಾರೂ ಹೇಳಲಿಕ್ಕಾಗದು. ರಾತ್ರಿ ಬೇಟೆಗೆ ಹೋಗಿ ಜೊತೆಯವನಿಗೇ ಗುಂಡು ತಾಗಿದ ಸುದ್ದಿ ನಮ್ಮ ಜಿಲ್ಲೆಯ ಪೇಪರಿನಲ್ಲಿ ನೀವೂ ಓದಿರ್ತೀರಿ. ಪ್ರಾಣಿಯ ಹಿಂದೆ ಏನುಂಟು ಅಂತ ಕಾಣದಿದ್ದರೆ ಕ್ಯಾಲಿಬರ್ ದೊಡ್ಡದಾದಷ್ಟೂ ಅಪಾಯ ನಮಗೇ.

ತೋಟೆ ಕೋವಿಗೆ ಆ ದೂರ ಇಲ್ಲ, ಅದೇ ಅದರ ಗುಣ. ಹಂದಿಗೆ ಹಾಕುವ ಎಲ್‌ಜಿ ತೋಟೆಯಲ್ಲಿ ಆರೆಂಟು ದಪ್ಪ ಗುಂಡು ಇರ್ತದೆ. ನಂಬಬಹುದಾದ ದೂರ ಮೂವತ್ತು, ನಲವತ್ತು ಮೀಟರ್. ಅದರಾಚೆ ಗುಂಡುಗಳು ಚದುರಿ ಹೋಗ್ತವೆ, ಒಂದೋ ಎರಡೋ ತಾಗ್ತದೆ, ಅದು ಗಾಯ ಮಾತ್ರ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೂ ಬೆಳೆ ರಕ್ಷಣೆಗೆ ಅಂತ ಹೆಸರು ಹೇಳಿದ್ದು ಬಾಯಿಂದ ಮದ್ದು ತುಂಬುವ ಕೋವಿಯನ್ನು, ಅಂದರೆ ನಮ್ಮ ಕೇಪಿನ ಕೋವಿಯಂಥದ್ದನ್ನು. ಸ್ವರಕ್ಷಣೆ, ಕ್ರೀಡೆ ಅಂದಾಗ 20 ಇಂಚಿಗೆ ಕಡಿಮೆ ಇಲ್ಲದ ನುಣುಪು ನಳಿಗೆಯ ಕೋವಿ. ರೈಫಲ್ ಆ ಪಟ್ಟಿಯಲ್ಲಿ ಇಲ್ಲ.

ಇನ್ನು ಲೈಸೆನ್ಸ್ ಉಂಟು ಅಂದರೆ ಹೊಡೆಯಬಹುದು ಅಂತ ಅಲ್ಲ. ಇದು ತುಂಬ ಜನರಿಗೆ ಗೊತ್ತಿಲ್ಲ. ಕೋವಿಯ ಲೈಸೆನ್ಸ್ ಬೇರೆ, ಪ್ರಾಣಿಯ ಕಾನೂನು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಟಿ ಒಂದನೇ ಅನುಸೂಚಿಯಲ್ಲಿ ಉಂಟು, ಹುಲಿ ಆನೆಯ ಸಾಲಿನಲ್ಲಿ. ಅದು ನಿಮ್ಮ ಇಡೀ ತೋಟ ಮೇದರೂ ಬೆಳೆ ಹಾನಿಯ ಕಾರಣಕ್ಕೆ ಕೊಲ್ಲಲಿಕ್ಕೆ ಅನುಮತಿ ಕೊಡುವ ದಾರಿಯೇ ಇಲ್ಲ. ಮನುಷ್ಯರ ಜೀವಕ್ಕೆ ಅಪಾಯ ಇರಬೇಕು, ಇಲ್ಲವೇ ಪ್ರಾಣಿ ಚೇತರಿಸದಷ್ಟು ರೋಗಿಯಾಗಿರಬೇಕು. ಆಗಲೂ ಹಿಡಿಯಲಿಕ್ಕೆ, ಅರಿವಳಿಕೆ ಕೊಡಲಿಕ್ಕೆ, ಬೇರೆ ಕಡೆ ಬಿಡಲಿಕ್ಕೆ ಸಾಧ್ಯವಿಲ್ಲ ಅಂತ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಖಚಿತ ಆಗಬೇಕು. ಕೊಂದರೆ ಕನಿಷ್ಠ 3 ವರ್ಷ, 7 ವರ್ಷದವರೆಗೂ ಜೈಲು. ದಂಡ 25,000 ರೂಪಾಯಿಗೆ ಕಡಿಮೆ ಇಲ್ಲ. ಕಾಟಿಗೆ ಯಾವ ಕ್ಯಾಲಿಬರ್ ಅಂತ ಕೇಳಿದವರಿಗೆ ಉತ್ತರ ಸಿಕ್ಕಿತಲ್ಲ: ಯಾವುದೂ ಅಲ್ಲ.

ಹಂದಿಯ ವಿಷಯ ಸ್ವಲ್ಪ ಬೇರೆ. 2022ರ ತಿದ್ದುಪಡಿಯ ನಂತರ ಅದು ಎರಡನೇ ಅನುಸೂಚಿಯಲ್ಲಿ ಉಂಟು. ನಿಂತ ಬೆಳೆಗೆ ಅಪಾಯ ಅಂತ ಆದರೆ ಮುಖ್ಯ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಲಿಖಿತ ಆದೇಶ ಕೊಡಬಹುದು. ಪಕ್ಕದ ಕೇರಳದಲ್ಲಿ 2022ರಿಂದ ಆ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರವರೆಗೆ ಇಳಿಸಿದ್ದಾರೆ. ನಮ್ಮಲ್ಲೂ ತೀರ್ಮಾನ ಹೀಗೆ ಊರಿಗೆ ಹತ್ತಿರ ಬರಬೇಕು ಅಂತ ನನ್ನ ಅಭಿಪ್ರಾಯ. ಒಪ್ಪದವರು ಇದ್ದೀರಿ ಅಂತ ಗೊತ್ತುಂಟು. ನಾನು ಯಾಕೆ ಹೇಳ್ತೇನೆ ಅಂದರೆ, ಕಾನೂನಿನ ದಾರಿ ದೂರ ಆದಾಗ ಜನ ಸುಮ್ಮನೆ ಕೂರುವುದಿಲ್ಲ. ಉರುಳು ಇಡ್ತಾರೆ, ಬೇಲಿಗೆ ನೇರ ಲೈನಿನಿಂದ ಕರೆಂಟ್ ಕೊಡ್ತಾರೆ, ಹಿಟ್ಟಿನಲ್ಲಿ ಸಿಡಿಮದ್ದು ಇಡ್ತಾರೆ. ಉರುಳಿಗೆ ಚಿರತೆ ಬೀಳ್ತದೆ, ಕರೆಂಟಿಗೆ ಮನುಷ್ಯ ಬೀಳ್ತಾನೆ, ಸಿಡಿಮದ್ದಿಗೆ ಊರಿನ ದನದ ದವಡೆ ಹೋಗ್ತದೆ. ಇವಕ್ಕೆ ಹೋಲಿಸಿದರೆ, ಆದೇಶ ಕೈಯಲ್ಲಿ ಹಿಡಿದು, ಮೂವತ್ತು ಮೀಟರಿನಿಂದ, ಹಿಂದೆ ಮಣ್ಣಿನ ದರೆ ನೋಡಿಕೊಂಡು, ಅನುಭವಸ್ಥರು ಹೊಡೆಯುವ ಒಂದು ಈಡು ಎಷ್ಟೋ ಮೇಲು. ಹಂದಿಗೂ ಮೇಲು.

ಅಲ್ಲಿಯವರೆಗೆ ಹಾನಿಯಾದ ದಿನವೇ ಫೋಟೋ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ. ಮನೆಯಲ್ಲಿ ಕೋವಿ ಇದ್ದರೆ ಲೈಸೆನ್ಸ್ ನವೀಕರಣದ ತಾರೀಕು ಒಮ್ಮೆ ನೋಡಿಕೊಳ್ಳಿ, ತೋಟೆ ಮತ್ತು ಕೋವಿಯನ್ನು ಬೇರೆ ಬೇರೆ ಬೀಗದಲ್ಲಿ ಇಡಿ. ಚುನಾವಣೆ ಬಂದಾಗ ಠೇವಣಿ ಇಡಲಿಕ್ಕೆ ಹೇಳಿದರೆ ರಶೀದಿ ತೆಗೆದುಕೊಳ್ಳುವುದು ಮರೆಯಬೇಡಿ. ನೀತಿ ಸಂಹಿತೆ ಹಂದಿಗೆ ಅನ್ವಯ ಆಗುವುದಿಲ್ಲ, ಆ ಸಂಕಟ ನಮಗೆಲ್ಲ ಉಂಟು.

ಮುಂದಿನ ವಾರ ಸೋಲಾರ್ ಬೇಲಿಯ ಬಗ್ಗೆ ಮಾತಾಡುವ. ನಿಮ್ಮ ತೋಟದಲ್ಲಿ ಹಾಕಿದ್ದರೆ ಎಷ್ಟು ಖರ್ಚಾಯಿತು, ಮಳೆಗಾಲದಲ್ಲಿ ಕೆಲಸ ಮಾಡಿತಾ ಇಲ್ಲವಾ, ಒಂದು ವಾಯ್ಸ್ ನೋಟ್ ಕಳಿಸಿ.