ಇಂಧನದ ದೂರದೃಷ್ಟಿ ಮತ್ತು ಗ್ರಾಮ ಪಂಚಾಯತಿಯ ಹೊಣೆ

(ಶ್ರೀನಿವಾಸಪುರ ತಾಲ್ಲೂಕಿನ ಗ್ರಾಮ ಪಂಚಾಯತಿ ಸದಸ್ಯರ ಸಭೆಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ)



ಅಂತರರಾಷ್ಟ್ರೀಯ ಸಹಕಾರದ ಮೂಲಕ ಇಂಧನ ನೀತಿ ರೂಪಿಸುವುದು ದೆಹಲಿಗೋ ಪ್ಯಾರಿಸ್‌ಗೋ ಸೇರಿದ ವಿಷಯವೆಂಬ ಭಾವನೆ ಸಹಜ. ಆದರೆ ಅಂತಹ ಸಹಕಾರದ ಫಲವನ್ನು ಬಹು ಹಿಂದೆಯೇ ಉಂಡದ್ದು ನಮ್ಮ ಕೋಲಾರ ಜಿಲ್ಲೆ. 1902ರ ಜೂನ್‌ನಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಚಿನ್ನದ ಗಣಿಯನ್ನು ತಲುಪಿತು. ಮೈಸೂರು ಸಂಸ್ಥಾನದ ಸಂಕಲ್ಪ, ಸ್ವಿಟ್ಜರ್‌ಲೆಂಡಿನ ಟರ್ಬೈನು, ಅಮೆರಿಕದ ವಿದ್ಯುತ್ ಯಂತ್ರ, ಬ್ರಿಟಿಷ್ ಗಣಿ ಕಂಪನಿಗಳ ಖರೀದಿ ಒಪ್ಪಂದ ಈ ನಾಲ್ಕೂ ಕೂಡಿದ್ದರಿಂದ ಅದು ಸಾಧ್ಯವಾಯಿತು. ಬೆಂಗಳೂರಿಗೆ ದೀಪ ಬಂದದ್ದು ಅನಂತರ, 1905ರಲ್ಲಿ. ಬೇಸಿಗೆಯಲ್ಲಿ ಕಾವೇರಿಯ ಹರಿವು ವಿದ್ಯುತ್ತಿಗೆ ಸಾಲದಾದುದು ಕನ್ನಂಬಾಡಿ ಅಣೆಕಟ್ಟೆಗೆ ಒಂದು ಕಾರಣವಾಯಿತು. ಗಣಿ 2001ರಲ್ಲಿ ಮುಚ್ಚಿತು, ಅಣೆಕಟ್ಟೆ ಉಳಿದಿದೆ. ದೀರ್ಘಾವಧಿ ಯೋಜನೆಯೆಂದರೆ ಇದೇ.

2015ರಲ್ಲಿ ಪ್ಯಾರಿಸ್ ಹವಾಮಾನ ಸಮ್ಮೇಳನದ ಸಂದರ್ಭದಲ್ಲಿ ಭಾರತ ಮತ್ತು ಫ್ರಾನ್ಸ್ ಅಂತರರಾಷ್ಟ್ರೀಯ ಸೌರ ಒಕ್ಕೂಟವನ್ನು ಆರಂಭಿಸಿದವು. 2070ರ ವೇಳೆಗೆ ನಿವ್ವಳ ಶೂನ್ಯ ಇಂಗಾಲ ಹೊರಸೂಸುವಿಕೆಯ ಗುರಿಯನ್ನು ಭಾರತ 2021ರಲ್ಲಿ ಗ್ಲಾಸ್ಗೋದಲ್ಲಿ ಘೋಷಿಸಿತು. ಇಂತಹ ಗುರಿಗಳು ಕೊನೆಗೆ ಗ್ರಾಮದ ನೆಲಕ್ಕೇ ಇಳಿಯಬೇಕು. ಪಾವಗಡದಲ್ಲಿ ಸುಮಾರು 13,000 ಎಕರೆ ಜಮೀನನ್ನು ಖರೀದಿಸದೆ, ರೈತರಿಂದ ಗುತ್ತಿಗೆಗೆ ಪಡೆದು 2,050 ಮೆಗಾವ್ಯಾಟ್ ಸೌರ ಪಾರ್ಕ್ ಸ್ಥಾಪಿಸಲಾಯಿತು. ಒಡೆತನ ರೈತರಲ್ಲೇ ಉಳಿಯಿತು. ಆದರೆ ಭೂಮಿಯಿಲ್ಲದ ಕೂಲಿಕಾರರಿಗೆ ಗುತ್ತಿಗೆ ಹಣವಿಲ್ಲ ಎಂಬುದನ್ನೂ ನಾವು ಮರೆಯಲಾಗದು.

ನಮ್ಮ ತಾಲ್ಲೂಕಿನಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಮಾವಿನ ತೋಟ, ಟೊಮೆಟೊ ಹೊಲ, ಕುಡಿಯುವ ನೀರು ಎಲ್ಲಕ್ಕೂ ಕೊಳವೆ ಬಾವಿಯೇ ಆಸರೆ. ವಿದ್ಯುತ್ ಪ್ರಶ್ನೆಯೆಂದರೆ ಇಲ್ಲಿ ನೀರಿನ ಪ್ರಶ್ನೆ. 2019ರ ಪಿಎಂ-ಕುಸುಮ್ ಯೋಜನೆಯ ಅಡಿಯಲ್ಲಿ ಕೃಷಿ ಫೀಡರ್‌ಗಳಿಗೆ ಸೌರ ವಿದ್ಯುತ್ ದೊರೆತರೆ ರೈತರು ರಾತ್ರಿ ಮೋಟಾರು ಹಾಕಲು ಹೊಲಕ್ಕೆ ಹೋಗುವ ಕಷ್ಟ ತಪ್ಪೀತು. ಆದರೆ ಹಗಲೆಲ್ಲ ಲೆಕ್ಕವಿಲ್ಲದೆ ನೀರೆತ್ತಿದರೆ ಈಗಾಗಲೇ ಪಾತಾಳ ಸೇರಿರುವ ಅಂತರ್ಜಲ ಇನ್ನೂ ಕುಸಿಯುತ್ತದೆ. ಸೂರ್ಯನ ಬೆಳಕು ನಾಳೆಯೂ ಬರುತ್ತದೆ, ಬತ್ತಿದ ಬಾವಿಗೆ ನೀರು ಬರುವ ಭರವಸೆಯಿಲ್ಲ.

ಆದ್ದರಿಂದ ಮೂರು ಕೋರಿಕೆಗಳು. ಒಂದು, ಪ್ರತಿ ನೀರು ಸರಬರಾಜು ಪಂಪು ಹಾಗೂ ಬೀದಿದೀಪದ ಮೀಟರಿನ ಹನ್ನೆರಡು ತಿಂಗಳ ಬಳಕೆಯನ್ನು ಗ್ರಾಮಸಭೆಯ ಮುಂದಿಡೋಣ. ಎರಡು, ಸೌರಫಲಕಕ್ಕೆ ಸುಮಾರು 25 ವರ್ಷಗಳ ಆಯುಷ್ಯವಿದೆ, ನಮ್ಮ ಸದಸ್ಯತ್ವದ ಅವಧಿ 5 ವರ್ಷ. ಆದ್ದರಿಂದ ಅಳವಡಿಸುವ ದಿನವೇ ನಿರ್ವಹಣೆಗೆ ಹಣ ಕಾದಿರಿಸೋಣ. ಮೂರು, ಸೌರ ಘಟಕಕ್ಕೆ ಜಾಗ ಗುರುತಿಸುವಾಗ ಕೆರೆಯಂಗಳ, ರಾಜಕಾಲುವೆ ಹಾಗೂ ದನಕರು ಮೇಯುವ ಗೋಮಾಳವನ್ನು ರಕ್ಷಿಸೋಣ.

ಒಪ್ಪಂದಗಳಿಗೆ ಸಹಿ ಬೀಳುವುದು ದೂರದ ನಗರಗಳಲ್ಲಿ. ಅವು ನಮ್ಮ ಊರಿಗೆ ವರವಾಗುವುದು ಇಲ್ಲಿಯ ನಡಾವಳಿ ಪುಸ್ತಕದಲ್ಲಿ ನಾವು ಬರೆಯುವ ತೀರ್ಮಾನಗಳಿಂದ.